ವಿದ್ಯಾಲಯದ ಶಿಸ್ತು ಮತ್ತು ಪ್ರಾಯಶ್ಚಿತ್ತದ ಕ್ರಮ

ಕಾಲೇಜಿಗೆ ಸೇರುವ ದಿನ ವಿದ್ಯಾರ್ಥಿಯ ಕೈಗೆ ಒಂದು ಪುಸ್ತಿಕೆ ಬರುತ್ತದೆ. ಅದರ ಕೊನೆಯ ಪುಟಗಳಲ್ಲಿ ನಡತೆಯ ನಿಯಮಗಳಿರುತ್ತವೆ. ತಡವಾಗಿ ಬರಕೂಡದು, ಗುರುತಿನ ಚೀಟಿಯಿಲ್ಲದೆ ಒಳಗೆ ಬರಕೂಡದು, ತರಗತಿಯಲ್ಲಿ ಮೊಬೈಲ್ ಬಳಸಕೂಡದು, ಗೋಡೆಯ ಮೇಲೆ ಬರೆಯಕೂಡದು, ಹಾಜರಾತಿ ಶೇಕಡಾ ೭೫ಕ್ಕಿಂತ ಕಡಿಮೆಯಾಗಕೂಡದು. ಕೆಳಗೆ ವಿದ್ಯಾರ್ಥಿಯ ಸಹಿ, ಅದರ ಪಕ್ಕದಲ್ಲಿ ಪೋಷಕರ ಸಹಿ. ಏನು ಮಾಡಬಾರದೆಂಬುದನ್ನು ಈ ಪುಟಗಳು ವಿವರವಾಗಿ ಹೇಳುತ್ತವೆ. ಮಾಡಬಾರದ್ದನ್ನು ಮಾಡಿದವನು ಮತ್ತೆ ನೆಟ್ಟಗಾಗುವ ಬಗೆ ಯಾವುದು ಎಂಬುದಕ್ಕೆ ಮಾತ್ರ ಬಹುಮಟ್ಟಿಗೆ ಒಂದೇ ವಾಕ್ಯ: ಪ್ರಾಚಾರ್ಯರ ತೀರ್ಮಾನವೇ ಅಂತಿಮ.

ಉಜಿರೆಯಿಂದ ಬೆಳಗಾವಿಯವರೆಗೆ ನಮ್ಮ ಸಮಾಜದವರು ಅನೇಕ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುತ್ತಿದ್ದಾರೆ. ಕೋಲಾರ ಚಿನ್ನದ ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆಯಲ್ಲಿಯೂ ಭಗವಾನ್ ಮಹಾವೀರರ ಹೆಸರಿನ ಕಾಲೇಜು ಇದೆ. ಬಸದಿಯ ಜೀರ್ಣೋದ್ಧಾರಕ್ಕೆ ಸೇರುವ ಟ್ರಸ್ಟಿನ ಸಭೆಯೇ ಎಷ್ಟೋ ಊರುಗಳಲ್ಲಿ ಶಾಲೆಯ ನಿಯಮಾವಳಿಗೂ ಒಪ್ಪಿಗೆ ಕೊಡುತ್ತದೆ. ಆದುದರಿಂದ ವಿದ್ಯಾರ್ಥಿಗಳ ಶಿಸ್ತು ಪ್ರಾಚಾರ್ಯರಿಗೆ ಮಾತ್ರ ಸೇರಿದ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ನಾನು ಅದೇ ಗಣಿ ಪ್ರದೇಶದ ಬೇರೊಂದು ಕಾಲೇಜಿನಲ್ಲಿ ಹಲವು ವರ್ಷ ಅಧ್ಯಾಪಕನಾಗಿದ್ದೆ. ಅಲ್ಲಿಯ ಶಿಸ್ತು ಸಮಿತಿಯಲ್ಲಿಯೂ ಇದ್ದೆ. ಅದು ಜೈನ ಸಂಸ್ಥೆಯಲ್ಲ. ಅಲ್ಲಿ ಕಂಡುದನ್ನು, ದೋಷ ಮತ್ತು ಪ್ರಾಯಶ್ಚಿತ್ತಗಳ ಬಗ್ಗೆ ನಮ್ಮ ಶಾಸ್ತ್ರಗಳು ಹೇಳುವುದರ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಗಣಿ ಪ್ರದೇಶದ ಜನರಿಗೆ ನಿಯಮವೆಂಬುದು ಹೊಸದಲ್ಲ. ೧೮೮೦ರ ದಶಕದಿಂದ ಅಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತವಿತ್ತು. ಭೂಮಿಯ ಒಳಗೆ ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ ಅದು. ಬಂಡೆ ಸಿಡಿದು ಜನ ಸಾಯುತ್ತಿದ್ದ ಜಾಗ. ಕೇಜು ಏರಬೇಕಾದರೆ ಎಷ್ಟು ಗಂಟೆ, ನಿಲ್ಲಬೇಕಾದರೆ ಎಷ್ಟು ಗಂಟೆ ಎಂಬ ನಿಯಮವನ್ನು ಕಾರ್ಮಿಕರು ಅಕ್ಷರಶಃ ಪಾಲಿಸುತ್ತಿದ್ದರು. ಅದರಲ್ಲಿ ತಪ್ಪಿದರೆ ಹೋಗುವುದು ತಮ್ಮ ಜೀವ, ತಮ್ಮ ಜೊತೆಯವರ ಜೀವ ಎಂಬುದು ಅವರಿಗೆ ತಿಳಿದಿತ್ತು.

ಅದೇ ಗಣಿಯಲ್ಲಿ ಇನ್ನೊಂದು ಬಗೆಯ ನಿಯಮಗಳೂ ಇದ್ದವು. ಕೆಲಸ ಮುಗಿಸಿ ಮೇಲೆ ಬಂದವನ ಮೈ ತಪಾಸಣೆಯಾಗುತ್ತಿತ್ತು. ಮೈಸೂರು ಸಂಸ್ಥಾನವು ೧೮೯೭ರಲ್ಲಿ ತಂದ ಗಣಿ ಕಾಯಿದೆಯಂತೆ, ಚಿನ್ನದ ಅಂಶವಿರುವ ವಸ್ತು ಒಬ್ಬನ ಬಳಿ ಸಿಕ್ಕರೆ ಅದು ನ್ಯಾಯವಾಗಿ ಬಂದುದೆಂದು ತೋರಿಸುವ ಹೊಣೆ ಅವನದೇ ಆಗಿತ್ತು. ೧೯೩೦ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮ ಬಂದಾಗ, ಇದು ಕಳ್ಳರಿಗೆ ಮಾಡುವ ಕೆಲಸವೆಂದು ಅವರು ಮುಷ್ಕರ ಹೂಡಿದರು. ಗಂಟೆಯ ನಿಯಮಕ್ಕೆ ತಲೆಬಾಗಿದ ಜನರೇ ಬೆರಳಚ್ಚಿನ ನಿಯಮಕ್ಕೆ ಎದುರು ನಿಂತರು. ಮೊದಲನೆಯದರ ಹಿಂದೆ ಕಾಪಾಡುವ ಉದ್ದೇಶವಿತ್ತು, ಎರಡನೆಯದರ ಹಿಂದೆ ಸಂಶಯವಿತ್ತು. ಕಾಲೇಜಿನ ನಿಯಮಗಳನ್ನು ಬರೆಯುವವರು ಪ್ರತಿಯೊಂದು ನಿಯಮದ ಮುಂದೆಯೂ ಇದು ಗಂಟೆಯೋ ಬೆರಳಚ್ಚೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಭಾರತ್ ಗೋಲ್ಡ್ ಮೈನ್ಸ್ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಬಂಗಾರಪೇಟೆಯಿಂದ ಕವಲೊಡೆದ ರೈಲುಮಾರ್ಗದ ಕೊನೆಯ ನಿಲ್ದಾಣ ಮಾರಿಕುಪ್ಪಂ. ಒಂದು ಕಾಲಕ್ಕೆ ಗಣಿಗೆ ಜನರನ್ನು ತಂದ ಆ ಮಾರ್ಗವೇ ಈಗ ಅವರನ್ನು ದಿನವೂ ನಸುಕಿನಲ್ಲಿ ಬೆಂಗಳೂರಿಗೆ ಒಯ್ದು, ರಾತ್ರಿ ಮರಳಿ ತರುತ್ತದೆ. ಕಾವಲು ಕೆಲಸ, ಕಟ್ಟಡದ ಕೆಲಸ, ಕಾರ್ಖಾನೆಯ ಕೆಲಸ, ಯಾವುದಾದರೂ ಸರಿ. ನನ್ನ ತರಗತಿಯಲ್ಲಿ ಕುಳಿತವರಲ್ಲಿ ಅನೇಕರು ಈ ಕುಟುಂಬಗಳ ಮಕ್ಕಳು.

ಗಣಿ ಮುಚ್ಚಿದ ಆರೇಳು ವರ್ಷಗಳ ಮೇಲೆ ನಡೆದ ಮಾತು. ದ್ವಿತೀಯ ಬಿ.ಕಾಂ. ಓದುತ್ತಿದ್ದ ಮಾರಿಕುಪ್ಪಂ ಕಡೆಯ ಒಬ್ಬ ಹುಡುಗನ ರಜೆಯ ಅರ್ಜಿಯಲ್ಲಿದ್ದ ತಂದೆಯ ಸಹಿ, ಪ್ರವೇಶದ ಅರ್ಜಿಯಲ್ಲಿದ್ದ ಸಹಿಗೆ ಹೊಂದುತ್ತಿರಲಿಲ್ಲ. ಹಿಂದಿನ ಅರ್ಜಿಗಳನ್ನು ತೆಗೆದು ನೋಡಿದಾಗ ಅವುಗಳಲ್ಲಿಯೂ ಅದೇ ಕೈಬರಹ. ಮರುದಿನವೇ ಸೂಚನಾ ಫಲಕದಲ್ಲಿ ಅವನ ಹೆಸರು ಮತ್ತು ನೋಂದಣಿ ಸಂಖ್ಯೆ ಕಾಣಿಸಿಕೊಂಡಿತು. ಕೆಳಗೆ, ನಕಲಿ ಸಹಿ ಮಾಡಿದ ಕಾರಣಕ್ಕಾಗಿ ವಿಚಾರಣೆಗೆ ಹಾಜರಾಗತಕ್ಕದ್ದು ಎಂಬ ಒಕ್ಕಣೆ. ಸಮಿತಿ ಸೇರಿದ್ದು ನಾಲ್ಕನೆಯ ದಿನ.

ಹುಡುಗನ ಜೊತೆ ತಾಯಿ ಬಂದಿದ್ದರು. ತಂದೆ ಬಂದರೆ ಒಂದು ದಿನದ ಸಂಬಳ ಹೋಗುತ್ತದೆ ಎಂದರು. ಸಹಿ ಯಾರದೆಂದು ಕೇಳಿದಾಗ ಹುಡುಗ ಮುಚ್ಚಿಡಲಿಲ್ಲ. “ಅಪ್ಪ ರೈಲಿಗೆ ಹೋಗುವಾಗ ಇನ್ನೂ ಕತ್ತಲು. ಬರುವಾಗ ಊಟ ಮಾಡಲಿಕ್ಕೂ ಶಕ್ತಿ ಇರುವುದಿಲ್ಲ. ಮಲಗಿದವರನ್ನು ಎಬ್ಬಿಸಿ ಸಹಿ ಹಾಕಿಸಲು ಮನಸ್ಸು ಬರಲಿಲ್ಲ, ಸಾರ್” ಎಂದ. ರಜೆ ಹಾಕಿದ ದಿನಗಳಲ್ಲಿ ಅವನು ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಚೀಟಿಗಳು ತಾಯಿಯ ಚೀಲದಲ್ಲಿದ್ದವು. ರಜೆಯ ಕಾರಣ ಸತ್ಯ, ಸಹಿ ಸುಳ್ಳು. ಸಮಿತಿ ಒಂದು ಸಣ್ಣ ದಂಡ ಮತ್ತು ಎಚ್ಚರಿಕೆಯ ಪತ್ರಕ್ಕೆ ಮುಗಿಸಿತು. ಹಗುರವಾದ ಶಿಕ್ಷೆಯೆಂದು ಎಲ್ಲರಿಗೂ ಸಮಾಧಾನವಾಯಿತು.

ಆದರೆ ಹುಡುಗ ಮರುದಿನದಿಂದ ಕಾಲೇಜಿಗೆ ಬರಲಿಲ್ಲ. ಎರಡು ವಾರಗಳ ಅನಂತರ ನಾನು ಅವರ ಮನೆಗೆ ಹೋದೆ. ಗಣಿಯ ಹಳೆಯ ಲೈನಿನ ಒಂದು ಮನೆ. ಅವನು ತಂದೆಯ ಜೊತೆ ಅದೇ ನಸುಕಿನ ರೈಲಿಗೆ ಹೋಗಲು ಪ್ರಾರಂಭಿಸಿದ್ದ. ತಾಯಿ ಯಾರನ್ನೂ ದೂರಲಿಲ್ಲ. “ಕಾಗದ ಕಿತ್ತು ಹಾಕಿದ್ದಾರೆ ಅಂತ ಹೇಳಿದೆ ಸಾರ್. ಓದಿದವರ ಮನಸ್ಸಿನಿಂದ ಯಾರು ಕೀಳುತ್ತಾರೆ ಅಂತ ಕೇಳುತ್ತಾನೆ” ಎಂದಷ್ಟೇ ಹೇಳಿದರು. ಸಮಿತಿ ಕೊಟ್ಟ ಶಿಕ್ಷೆ ದಂಡ. ಹುಡುಗ ಅನುಭವಿಸಿದ ಶಿಕ್ಷೆ ಫಲಕ. ಎರಡನೆಯದನ್ನು ಯಾವ ಸಮಿತಿಯೂ ವಿಧಿಸಿರಲಿಲ್ಲ; ಯಾವ ವಿಚಾರಣೆಯೂ ಅದಕ್ಕೆ ಮೊದಲು ನಡೆದಿರಲಿಲ್ಲ.

ಈ ಪ್ರಸಂಗವನ್ನು ನೆನೆದಾಗಲೆಲ್ಲ ನಮ್ಮ ಆಚಾರ್ಯರು ದೋಷವನ್ನು ಅಳೆದ ರೀತಿ ನನ್ನ ಮನಸ್ಸಿಗೆ ಬರುತ್ತದೆ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ಅವರು ದೋಷದ ಮೆಟ್ಟಿಲುಗಳನ್ನು ಹೇಳಿದರು. ಇದಕ್ಕೆ ಮುದಿ ಎತ್ತಿನ ದೃಷ್ಟಾಂತವೊಂದುಂಟು. ಬೇಲಿಯಾಚೆಯ ಪೈರನ್ನು ಕಂಡು ಆಸೆಪಡುವುದು ಒಂದು, ಬೇಲಿಯೊಳಗೆ ಮುಖ ತೂರಿಸುವುದು ಇನ್ನೊಂದು, ಒಂದು ತುತ್ತು ಮೇಯುವುದು ಮತ್ತೊಂದು, ಒಳನುಗ್ಗಿ ಮನಬಂದಂತೆ ಮೇಯುವುದು ಕೊನೆಯದು. ನಾಲ್ಕಕ್ಕೂ ಒಂದೇ ದೊಣ್ಣೆಯ ಪೆಟ್ಟು ಹಾಕುವ ರೈತನು ಬೇಲಿಯನ್ನೂ ಉಳಿಸಿಕೊಳ್ಳಲಾರ, ಎತ್ತನ್ನೂ ಉಳಿಸಿಕೊಳ್ಳಲಾರ. ಮೇಲಾಗಿ ನಮ್ಮಲ್ಲಿ ಕೃತ್ಯದ ಜೊತೆಗೆ ಭಾವವನ್ನೂ ತೂಗುತ್ತಾರೆ. ದಣಿದ ತಂದೆಯನ್ನು ಎಬ್ಬಿಸಲಾರದೆ ಹಾಕಿದ ಸಹಿಯೂ, ಸಿನಿಮಾಕ್ಕೆ ಹೋಗಲು ಹಾಕಿದ ಸಹಿಯೂ ಕಾಗದದ ಮೇಲೆ ಒಂದೇ. ಎರಡೂ ಅಸತ್ಯವೇ ಹೌದು. ಆದರೆ ಎರಡರ ಬಂಧವೂ ಒಂದೇ ಎಂದು ಕರ್ಮಸಿದ್ಧಾಂತವನ್ನು ಬಲ್ಲವರು ಹೇಳುವುದಿಲ್ಲ.

ಪ್ರಾಯಶ್ಚಿತ್ತದ ವಿಷಯಕ್ಕೆ ಬರೋಣ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಇದರ ಒಂಬತ್ತು ಭೇದಗಳಿವೆ. ಮೂಲಾಚಾರದಲ್ಲಿಯೂ ಶ್ವೇತಾಂಬರ ಆಗಮಗಳಲ್ಲಿಯೂ ಹತ್ತು. ಇವು ಮುನಿಸಂಘಕ್ಕಾಗಿ ಹೇಳಿದವು ನಿಜ. ಆದರೂ ಇವುಗಳ ಏರಿಕೆಯ ಕ್ರಮವನ್ನು ಗಮನಿಸಬೇಕು. ಮೊದಲನೆಯದು ಆಲೋಚನೆ, ಎಂದರೆ ಗುರುವಿನ ಮುಂದೆ ತನ್ನ ದೋಷವನ್ನು ತಾನೇ ಹೇಳಿಕೊಳ್ಳುವುದು. ಅನೇಕ ದೋಷಗಳು ಅಷ್ಟಕ್ಕೇ ಕಳೆಯುತ್ತವೆ. ಆಮೇಲೆ ಪ್ರತಿಕ್ರಮಣ. ವಿವೇಕವೆಂದರೆ ದೋಷಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸುವುದು. ತಪಸ್ಸೆಂದರೆ ಉಪವಾಸಾದಿಗಳು. ಛೇದವೆಂದರೆ ದೀಕ್ಷೆಯ ಹಿರಿತನದಲ್ಲಿ ಕೆಲವು ದಿನಗಳನ್ನೋ ತಿಂಗಳುಗಳನ್ನೋ ಕಡಿತ ಮಾಡುವುದು. ಪರಿಹಾರವೆಂದರೆ ಗೊತ್ತುಪಡಿಸಿದ ಕಾಲದವರೆಗೆ ಸಂಘದಿಂದ ದೂರವಿರಿಸುವುದು. ಇವೆಲ್ಲವನ್ನೂ ದಾಟಿದ ಮಹಾದೋಷಕ್ಕೆ ಉಪಸ್ಥಾಪನೆ, ಎಂದರೆ ಮತ್ತೊಮ್ಮೆ ದೀಕ್ಷೆ ಕೊಡುವುದು. ಸೂತ್ರಕಾರರ ಪಟ್ಟಿಯ ಕೊನೆಯ ಮೆಟ್ಟಿಲು ಹೊರಗೆ ಅಟ್ಟುವುದಲ್ಲ, ಮತ್ತೆ ಒಳಗೆ ತೆಗೆದುಕೊಳ್ಳುವುದು. ನಮ್ಮ ಕಾಲೇಜುಗಳ ಪಟ್ಟಿಯ ಕೊನೆಯ ಮೆಟ್ಟಿಲು ವರ್ಗಾವಣೆ ಪತ್ರ.

ತಪ್ಪನ್ನು ಕೇಳುವವನ ಯೋಗ್ಯತೆಯನ್ನೂ ಶಾಸ್ತ್ರ ನಿಗದಿ ಮಾಡಿದೆ. ಶಿವಾರ್ಯರ ಭಗವತೀ ಆರಾಧನೆ ನಮ್ಮ ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಗ್ರಂಥ. ಆಲೋಚನೆಯನ್ನು ಕೇಳುವ ಆಚಾರ್ಯನು ಅಪರಿಸ್ರಾವಿಯಾಗಿರಬೇಕೆಂದು ಅದರಲ್ಲಿ ಹೇಳಿದೆ. ಕಾದ ಕಬ್ಬಿಣ ಹೀರಿಕೊಂಡ ನೀರು ಮತ್ತೆ ಹೊರಗೆ ಬರುವುದಿಲ್ಲ. ಹಾಗೆ, ಶಿಷ್ಯನು ಹೇಳಿಕೊಂಡ ದೋಷ ಗುರುವಿನಿಂದ ಹೊರಕ್ಕೆ ಸೋರಬಾರದು. ಸೋರುವ ಗುರುವಿನ ಮುಂದೆ ಯಾವ ಶಿಷ್ಯನೂ ಎರಡನೆಯ ಸಲ ಬಾಯಿ ಬಿಡುವುದಿಲ್ಲ. ಸೂಚನಾ ಫಲಕವೆಂಬುದು ಸೋರುವುದಕ್ಕಾಗಿಯೇ ಮಾಡಿಟ್ಟ ಸಾಧನ. ಈಗ ಅದರ ಕೆಲಸವನ್ನು ಪೋಷಕರ ವಾಟ್ಸಾಪ್ ಗುಂಪು ಇನ್ನೂ ವೇಗವಾಗಿ ಮಾಡುತ್ತಿದೆ.

ಅದೇ ಗ್ರಂಥ ಆಲೋಚನೆಯ ಹತ್ತು ದೋಷಗಳನ್ನೂ ಹೇಳುತ್ತದೆ. ಶಿಸ್ತು ಸಮಿತಿಯಲ್ಲಿ ಕುಳಿತವರಿಗೆ ಇವು ಚಿರಪರಿಚಿತ. ಇತರರು ಕಂಡ ತಪ್ಪನ್ನು ಮಾತ್ರ ಒಪ್ಪಿಕೊಂಡು ಕಾಣದ್ದನ್ನು ನುಂಗುವುದು ಒಂದು. ಗುರುವಿಗೆ ಸೇವೆ ಮಾಡಿ ಅವನ ಅನುಕಂಪ ಸಂಪಾದಿಸಿಕೊಂಡು ಆಮೇಲೆ ಹೇಳುವುದು ಒಂದು. ತನ್ನಂತೆಯೇ ದೋಷವಿರುವ ಗುರುವನ್ನು ಹುಡುಕಿ ಅವನ ಮುಂದೆ ಹೇಳಿಕೊಳ್ಳುವುದು ಇನ್ನೊಂದು. ಇದಕ್ಕೆ ತತ್ಸೇವಿ ಎಂದು ಹೆಸರು. ಹತ್ತು ನಿಮಿಷ ತಡವಾಗಿ ಬಂದ ವಿದ್ಯಾರ್ಥಿಯನ್ನು, ಹದಿನೈದು ನಿಮಿಷ ತಡವಾಗಿ ಬಂದ ಅಧ್ಯಾಪಕ ಹೇಗೆ ವಿಚಾರಿಸಬೇಕು? ನಿಯಮಾವಳಿಯಲ್ಲಿ ಅಧ್ಯಾಪಕರಿಗೆ ಮೀಸಲಾದ ಒಂದು ಪುಟವಾದರೂ ಇರದಿದ್ದರೆ ವಿದ್ಯಾರ್ಥಿಗಳ ಪುಟಗಳಿಗೆ ಬೆಲೆ ಬರುವುದಿಲ್ಲ.

ಹಾಗಾದರೆ ಎಲ್ಲ ತಪ್ಪುಗಳನ್ನೂ ಗುಟ್ಟಾಗಿ ಮುಗಿಸಬೇಕೆ? ಈ ಪ್ರಶ್ನೆ ನನ್ನ ಮನೆಯ ಬಾಗಿಲಿಗೇ ಬಂದಿತ್ತು. ಮೇಲಿನ ಪ್ರಸಂಗವಾಗಿ ಕೆಲವು ವರ್ಷಗಳ ಮೇಲೆ ಅದೇ ಕಾಲೇಜಿನಲ್ಲಿ ಹಿರಿಯ ವಿದ್ಯಾರ್ಥಿಗಳು ಹಳ್ಳಿಯಿಂದ ಬಂದ ಹೊಸ ಹುಡುಗನೊಬ್ಬನನ್ನು ತರಗತಿಯ ಎದುರು ಕುಣಿಸಿ, ಹೊಡೆದು, ಅವನ ಶುಲ್ಕದ ಹಣದಲ್ಲಿ ಒಂದು ಪಾಲನ್ನು ಕಿತ್ತುಕೊಂಡಿದ್ದರು. ಆಪಾದಿತನೊಬ್ಬನ ಪರವಾಗಿ ಒಬ್ಬ ಹಿರಿಯರು ನನ್ನಲ್ಲಿಗೆ ಬಂದರು. “ನೀವೂ ಜೈನರು. ಪರರ ದೋಷವನ್ನು ಮುಚ್ಚುವ ಉಪಗೂಹನ ಸಮ್ಯಗ್ದರ್ಶನದ ಅಂಗವಲ್ಲವೆ? ಹುಡುಗನ ಭವಿಷ್ಯ ನೋಡಿ” ಎಂದರು.

ಉಪಗೂಹನಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಜಿನೇಂದ್ರಭಕ್ತ ಶ್ರೇಷ್ಠಿಯನ್ನು ಉದಾಹರಿಸಿದ್ದಾರೆ. ಕಥೆ ವಾಚಕರಿಗೆ ತಿಳಿದದ್ದೇ. ಶ್ರೇಷ್ಠಿಯ ಮನೆಯ ಮೇಲಿನ ನೆಲೆಯಲ್ಲಿ ಪಾರ್ಶ್ವನಾಥನ ಬಿಂಬ, ಅದರ ಛತ್ರದಲ್ಲಿ ವೈಡೂರ್ಯ. ಕ್ಷುಲ್ಲಕನ ವೇಷ ತೊಟ್ಟ ಕಳ್ಳನೊಬ್ಬ ಅದನ್ನು ಅಪಹರಿಸಿ ಓಡಿ, ಕಾವಲುಗಾರರು ಬೆನ್ನಟ್ಟಲು ಶ್ರೇಷ್ಠಿಯಲ್ಲಿಯೇ ಮರೆಹೊಕ್ಕ. ಧರ್ಮಕ್ಕೆ ಅಪವಾದ ಬಾರದಿರಲೆಂದು ಶ್ರೇಷ್ಠಿ, ನನ್ನ ಮಾತಿನಂತೆಯೇ ಇವನು ತಂದನೆಂದು ಕಾವಲುಗಾರರನ್ನು ಕಳುಹಿಸಿಬಿಟ್ಟ. ನಾವು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಅದು ಇಲ್ಲಿಗೆ ನಿಲ್ಲುವುದಿಲ್ಲ. ಆಮೇಲೆ ಶ್ರೇಷ್ಠಿ ಆ ಕಳ್ಳನನ್ನು ಏಕಾಂತದಲ್ಲಿ ತನ್ನ ಮನೆಯಿಂದ ಕಳುಹಿಸಿಬಿಟ್ಟ. ಮತ್ತೆ ಬಿಂಬದ ಕಾವಲಿಗೆ ಇಡಲಿಲ್ಲ.

ಬಂದ ಹಿರಿಯರಿಗೆ ನಾನು ಹೇಳಿದ್ದು ಎರಡು ಮಾತು. ಶ್ರೇಷ್ಠಿ ಹೆಸರನ್ನು ಮುಚ್ಚಿದ, ಪರಿಣಾಮವನ್ನು ಮುಚ್ಚಲಿಲ್ಲ. ಅದಕ್ಕಿಂತ ಮುಖ್ಯವಾದುದು, ಕಳವಾದ ರತ್ನ ಶ್ರೇಷ್ಠಿಯ ಮನೆಯದು. ತನಗಾದ ನಷ್ಟವನ್ನು ತಾನು ಹೊಟ್ಟೆಗೆ ಹಾಕಿಕೊಳ್ಳುವ ಹಕ್ಕು ಅವನಿಗಿತ್ತು. ಇಲ್ಲಿ ಪೆಟ್ಟು ತಿಂದವನು ನಾನೂ ಅಲ್ಲ, ನೀವೂ ಅಲ್ಲ. ಅನ್ಯರ ಗಾಯವನ್ನು ನಾವು ಮುಚ್ಚಿಡುವುದಕ್ಕೆ ಉಪಗೂಹನವೆಂದು ಹೆಸರಿಡುವುದು ಸಮಂತಭದ್ರರಿಗೆ ಮಾಡುವ ಅಪಚಾರ. ಹಿರಿಯರು ಕಾಫಿ ಮುಗಿಸದೆ ಎದ್ದರು.

ಆ ಪ್ರಕರಣದಲ್ಲಿ ಇನ್ನೊಂದು ಕಷ್ಟ ಬಂದಿತು. ಯಾರೂ ಬಾಯಿ ಬಿಡಲಿಲ್ಲ. ಇಡೀ ತರಗತಿಗೆ ದಂಡ ಹಾಕೋಣವೆಂದು ಸಮಿತಿಯಲ್ಲಿ ಸಲಹೆ ಬಂತು. ಇದು ಕೇವಲ ಸಿಟ್ಟಿನ ಸಲಹೆಯಲ್ಲ. ರ‍್ಯಾಗಿಂಗ್ ತಡೆಗಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೦೯ರಲ್ಲಿ ಹೊರಡಿಸಿದ ನಿಬಂಧನೆಗಳಲ್ಲಿಯೇ, ತಪ್ಪಿತಸ್ಥರು ಗೊತ್ತಾಗದಿದ್ದಾಗ ಸಾಮೂಹಿಕ ಶಿಕ್ಷೆ ಕೊಡಬೇಕೆಂದಿದೆ. ಮೌನವನ್ನು ಮುರಿಯುವುದು ಅದರ ಉದ್ದೇಶ. ಆದರೆ ಒಬ್ಬನ ಕರ್ಮ ಇನ್ನೊಬ್ಬನಿಗೆ ಅಂಟದು ಎಂದು ನಂಬಿದ ನಾವು ಆ ಅಸ್ತ್ರವನ್ನು ಎತ್ತುವ ಮುನ್ನ ನಮ್ಮದೇ ಆದ ಒಂದು ಅಳತೆಗೋಲನ್ನು ಬಳಸಬಹುದು. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ಹೊಡೆದವನು ಯಾರು, ಹೊಡೆಯೆಂದವನು ಯಾರು, ನಿಂತು ನಕ್ಕವರು ಯಾರು? ನಕ್ಕವರಿಗೂ ಪಾಲುಂಟು. ಆ ದಿನ ತರಗತಿಗೇ ಬಾರದವನಿಗೆ ಏನೂ ಇಲ್ಲ. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆದು, ಕೇವಲ ನೀನೆಲ್ಲಿ ನಿಂತಿದ್ದೆ ಎಂದು ಕೇಳಿದೆವು. ಎರಡೇ ದಿನಗಳಲ್ಲಿ ನಡೆದುದೆಲ್ಲ ತಿಳಿಯಿತು. ಕಾನೂನಿನಂತೆ ಹೋಗಬೇಕಾದಲ್ಲಿಗೆ ವರದಿ ಹೋಯಿತು. ತಪ್ಪಿತಸ್ಥರನ್ನು ಗೊತ್ತುಪಡಿಸಿದ ಅವಧಿಗೆ ಹೊರಗಿಟ್ಟರು. ಹಣ ಹಿಂದಕ್ಕೆ ಬಂತು. ಫಲಕದಲ್ಲಿ ಯಾರ ಹೆಸರೂ ಬರಲಿಲ್ಲ. ಆದರೆ ಪೆಟ್ಟು ತಿಂದ ಹುಡುಗನಿಗೂ ಅವನ ತಂದೆಗೂ ಪ್ರತಿಯೊಂದು ತೀರ್ಮಾನವನ್ನೂ ತಿಳಿಸಲಾಯಿತು. ಅವನು ಓದನ್ನು ಅಲ್ಲಿಯೇ ಮುಗಿಸಿದ.

ದೇಶದ ನ್ಯಾಯಾಲಯಗಳು ಹೇಳಿರುವುದೂ ಇದಕ್ಕೆ ದೂರವಾದುದಲ್ಲ. ಉತ್ತರ ಪ್ರದೇಶದ ಪರೀಕ್ಷಾ ಮಂಡಳಿ ಮೂವರು ವಿದ್ಯಾರ್ಥಿಗಳ ಫಲಿತಾಂಶವನ್ನು ಅವರ ಮಾತು ಕೇಳದೆಯೇ ರದ್ದು ಮಾಡಿದ್ದಾಗ, ಅದು ನ್ಯಾಯವಲ್ಲವೆಂದು ಸುಪ್ರೀಂ ಕೋರ್ಟು ೧೯೬೨ರಲ್ಲಿ ತೀರ್ಪು ಕೊಟ್ಟಿತು. ರಾಂಚಿಯ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿನಿಯರ ವಸತಿಗೃಹಕ್ಕೆ ನುಗ್ಗಿದವರ ಪ್ರಕರಣದಲ್ಲಿ, ದೂರು ಕೊಟ್ಟ ಹೆಣ್ಣುಮಕ್ಕಳ ಹೇಳಿಕೆಯನ್ನು ಆಪಾದಿತರ ಎದುರಿನಲ್ಲಿ ಪಡೆಯದಿದ್ದುದು ತಪ್ಪಲ್ಲವೆಂದು ಅದೇ ನ್ಯಾಯಾಲಯ ೧೯೭೩ರಲ್ಲಿ ಹೇಳಿತು. ಆಪಾದಿತನ ಮಾತನ್ನು ಕೇಳಬೇಕು, ನೊಂದವರನ್ನು ಕಾಯಬೇಕು. ಎರಡೂ ಒಟ್ಟಿಗೆ ಸಾಧ್ಯ.

ನಮ್ಮ ಟ್ರಸ್ಟುಗಳ ಧುರೀಣರಲ್ಲಿ ಕೆಲವು ವಿನಂತಿಗಳಿವೆ. ನಿಯಮಾವಳಿಯ ಪ್ರತಿಯೊಂದು ನಿಯಮದ ಕೆಳಗೆ ಅದರ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಕಾರಣ ಬರೆಯಲು ಆಗದ ನಿಯಮವನ್ನು ಕೈಬಿಡಿ. ವಿಚಾರಣೆಗೆ ಮೊದಲು ಯಾರ ಹೆಸರೂ ಫಲಕಕ್ಕಾಗಲಿ ಮೊಬೈಲಿನ ಗುಂಪಿಗಾಗಲಿ ಹೋಗದಂತೆ ಕಟ್ಟುನಿಟ್ಟು ಮಾಡಿರಿ. ಶಿಕ್ಷೆಗಳನ್ನು ಮೆಟ್ಟಿಲುಗಳಾಗಿ ಬರೆಯಿರಿ. ದೂರವಿರಿಸುವುದಾದರೆ ಎಷ್ಟು ದಿನ, ಮರಳಿ ಬರಲು ಏನು ಮಾಡಬೇಕು ಎಂಬುದನ್ನು ಅದೇ ಆದೇಶದಲ್ಲಿ ತಿಳಿಸಿರಿ. ಪೋಷಕರ ಸಹಿ ಕೇಳುವಾಗ ಅವರು ಯಾವ ರೈಲಿಗೆ ಹೋಗಿ ಯಾವ ರೈಲಿಗೆ ಬರುತ್ತಾರೆಂಬುದನ್ನೂ ತಿಳಿದುಕೊಳ್ಳಿರಿ. ಒಂದು ಭಾನುವಾರ ಬೆಳಗ್ಗೆ ಕಚೇರಿ ತೆರೆದಿಟ್ಟರೆ ಎಷ್ಟೋ ನಕಲಿ ಸಹಿಗಳು ಹುಟ್ಟುವುದೇ ಇಲ್ಲ. ಹಾಜರಾತಿ ಇಳಿದವನನ್ನು ಪರೀಕ್ಷೆಯ ಹೊತ್ತಿಗೆ ತಡೆಯುವುದಕ್ಕಿಂತ, ಇಳಿಯತೊಡಗಿದ ಮೊದಲ ತಿಂಗಳಲ್ಲಿಯೇ ಕರೆದು ಮಾತನಾಡಿಸಿರಿ. ನೊಂದವರಿರುವ ಪ್ರಕರಣದಲ್ಲಿ ದಾನಿಗಳ ಮಾತಿಗೆ ಕಿವಿಗೊಡಬೇಡಿರಿ.

ಉಪಗೂಹನದ ಮುಂದಿನ ಅಂಗ ಸ್ಥಿತಿಕರಣ, ಜಾರುತ್ತಿರುವವನನ್ನು ಮತ್ತೆ ನೆಲೆಗೆ ನಿಲ್ಲಿಸುವುದು. ಅದಕ್ಕೆ ಉದಾಹರಣೆಯಾದ ವಾರಿಷೇಣ ಮುನಿ, ಮನೆಯ ನೆನಪಿನಿಂದ ಚಂಚಲನಾದ ಪುಷ್ಪದಾಲನನ್ನು ಸಂಘದ ನಡುವೆ ನಿಲ್ಲಿಸಿ ನಿಂದಿಸಲಿಲ್ಲ. ತಾನೂ ಅವನ ಜೊತೆ ನಡೆದು ತನ್ನ ಅರಮನೆಯವರೆಗೆ ಹೋದ. ತಾನು ಬಿಟ್ಟು ಬಂದುದನ್ನು ತೋರಿಸಿದ. ಅವನನ್ನು ಮರಳಿ ಕರೆತಂದ. ಹಾಗೆ ನಡೆಯಲು ಹೊತ್ತು ಹಿಡಿಯುತ್ತದೆ. ಫಲಕಕ್ಕೆ ಕಾಗದ ಅಂಟಿಸಲು ಒಂದು ನಿಮಿಷ ಸಾಕು. ನಮ್ಮ ತೀರ್ಥಂಕರರ ಹೆಸರನ್ನು ಬಾಗಿಲಿನ ಮೇಲೆ ಬರೆದುಕೊಂಡ ಸಂಸ್ಥೆಗಳಿಗೆ ಆ ಹೊತ್ತನ್ನು ಕೊಡುವ ಹೊಣೆಯಿದೆ.